ಕೇಳದೆ ಕೊಟ್ಟ ಕಾಫಿ

ಎವಾಂಥಿಯಾ ಕೇಳಲಿಲ್ಲ. ನಡೆದದ್ದು ಅಷ್ಟೇ.

ಚರ್ಚು ಮುಗಿಸಿ ಥಾರ್ನ್‌ಬರಿಯಲ್ಲಿ ಟ್ರಾಮ್ ಇಳಿದು ಬರುತ್ತಿದ್ದ ಲೆಫ್ತೇರಿಸ್, ಸ್ಟಮಾತಿಯಾ ಗಂಡಹೆಂಡಿರನ್ನು ಆಕೆ ಗೇಟಿನಲ್ಲೇ ತಡೆದು ಒಳಗೆ ಕರೆದಿದ್ದಳು. ಆಕೆಯ ಗಂಡ ತೀರಿಕೊಂಡ ಮೇಲೆ ಹಿತ್ತಲ ದ್ರಾಕ್ಷಿ ಚಪ್ಪರ ಕತ್ತರಿಸಲು, ನಲ್ಲಿ ಬಿಗಿಮಾಡಲು ಲೆಫ್ತೇರಿಸ್ ಆಗಾಗ ಬರುವುದಿತ್ತು. ಕಳಿಸುತ್ತಿದ್ದವಳು ಹೆಂಡತಿ ಸ್ಟಮಾತಿಯಾಳೇ. ಪಾಪ, ಒಂಟಿ ಹೆಂಗಸು ಎಂದು.

ಎವಾಂಥಿಯಾ ಕಾಫಿ ಕುದಿಸುವ ಉದ್ದ ಹಿಡಿಯ ಪುಟ್ಟ ಪಾತ್ರೆ ಬ್ರಿಕಿಗೆ ತಣ್ಣೀರು ಅಳೆದು ಹಾಕಿ ತಿರುಗಿದಳು. "ನಿನಗೆ ಹೇಗೆ ಮಾಡ್ಲಿ, ಸ್ಟಮಾತಿಯಾ?"

"ಮಧ್ಯಮ. ಒಂದೇ ಚಮಚ ಸಕ್ಕರೆ."

ಆ ಬಟ್ಟಲು ಮೇಜಿಗೆ ಬಂತು. ಮುಂದೆ ಲೆಫ್ತೇರಿಸ್‌ನ ಸರದಿ. ಎವಾಂಥಿಯಾ ತಿರುಗಲಿಲ್ಲ, ಕೇಳಲಿಲ್ಲ. ಬ್ರಿಕಿಗೆ ಎರಡು ಚಮಚ ಸಕ್ಕರೆ ಸುರಿದಳು, ಗೋಪುರದ ಹಾಗೆ ತುಂಬಿದ ಚಮಚ.

ಸಕ್ಕರೆ ತಣ್ಣೀರಿಗೇ ಬೀಳಬೇಕು. ಕುದಿದ ಮೇಲೆ ಕಲಕಿದರೆ ನೊರೆ ಸಾಯುತ್ತದೆ. ಅದಕ್ಕೇ ಬಂದವರನ್ನು ಮೊದಲು ಕೇಳುವುದು. ಬಿಷಪ್ಪರೇ ಬಂದು ಕೂತರೂ ಕೇಳುವುದು. ಕೇಳದೆ ಮಾಡುವುದು ಮನೆಯವರಿಗೆ ಮಾತ್ರ.

ಮದುವೆಯಾದಾಗಿನಿಂದ ಸ್ಟಮಾತಿಯಾ ಗಂಡನಿಗೆ ಸಕ್ಕರೆಯಿಲ್ಲದ ಕಾಫಿ ಕೊಡುತ್ತ ಬಂದಿದ್ದಳು. ಈಗ ಅವನು ಆ ಸಿಹಿಯನ್ನು ಮುಖ ಹಿಂಡದೆ ಕುಡಿದ. ಮೀಸೆಗಂಟಿದ ನೊರೆಯನ್ನೂ ನಾಲಗೆಯಿಂದ ಎಳೆದುಕೊಂಡ.

ಕೊನೆಗೆ ಎವಾಂಥಿಯಾ ತನ್ನದಕ್ಕೆ ನೀರಿಟ್ಟಳು. ಡಬ್ಬಿಯಿಂದ ಮಸ್ತೀಹಾದ ಒಂದು ಹರಳು ತೆಗೆದಳು. ಅವಳ ಊರು ಖಿಯೋಸ್ ದ್ವೀಪದ ಮರದ ಅಂಟು ಅದು. ಸಕ್ಕರೆಯ ಜೊತೆ ಚಮಚದ ಬೆನ್ನಿನಿಂದ ಅರೆದು ಬ್ರಿಕಿಗೆ ಉದುರಿಸಿದಳು.

"ಕಾಫಿಗೂ ಹಾಕ್ತೀಯಾ ಅದನ್ನ?" ಎಂದಳು ಸ್ಟಮಾತಿಯಾ. "ನಾವು ಈಸ್ಟರ್ ಬ್ರೆಡ್ಡಿಗೆ ಬಿಟ್ಟು ಮುಟ್ಟಲ್ಲ."

"ಇದಿಲ್ದಿದ್ರೆ ನನಗೆ ಗಂಟಲಲ್ಲಿ ಇಳಿಯಲ್ಲ ಕಣೇ. ಹುಚ್ಚು ಅನ್ಕೋ."

ಲೆಫ್ತೇರಿಸ್ ಕಿಟಕಿಯಾಚೆ ಚಪ್ಪರ ನೋಡುತ್ತಿದ್ದ.

ದಾರಿಯಲ್ಲಿ ಸ್ಟಮಾತಿಯಾ ಹೇಳಿದಳು, "ಅವಳು ನಿನ್ನ ಕೇಳಲಿಲ್ಲ."

"ಏನನ್ನ?"

"ಸಕ್ಕರೆ."

"ಮರೆತಿರಬೇಕು, ಬಿಡು."

"ಮರೆತವಳು ಎರಡು ಚಮಚ ಹಾಕ್ತಾಳಾ? ನೀನೂ ಕುಡಿದೆ."

"ಕೊಟ್ಟಿದ್ದನ್ನ ಚೆಲ್ಲಕ್ಕಾಗುತ್ತಾ?" ಸ್ವಲ್ಪ ದೂರ ನಡೆದು ಅವನೇ ಬಾಯಿಬಿಟ್ಟ. "ನನಗೆ ಮೊದಲಿಂದಲೂ ಸಿಹಿನೇ ಇಷ್ಟ. ನಿನ್ನ ನೋಡಕ್ಕೆ ಬಂದ ದಿನ ನಿಮ್ಮಪ್ಪ ಸಕ್ಕರೆ ಬೇಡ ಅಂದ್ರು. ನಾನೂ ಗಂಡಸು ಅನ್ನಿಸಿಕೊಳ್ಳಕ್ಕೆ ಬೇಡ ಅಂದೆ. ಆಮೇಲೆ ನೀನು ಕೇಳಲೇ ಇಲ್ಲ."

"ಅವಳು ಯಾವತ್ತೋ ಕೇಳಿದ್ದಾಳೆ."

ಅವನು ಬಿರಬಿರನೆ ಮುಂದೆ ನಡೆದ.

ಸ್ಟಮಾತಿಯಾಳ ಹೊಟ್ಟೆಯೊಳಗೆ ಬಿದ್ದ ಕಿಡಿ ಮರುದಿನಕ್ಕೆ ಒಲೆಯಾಯಿತು. ಸಿಹಿಯಾಗಿ ಮಾಡಿಕೊಡಬಹುದಿತ್ತು. ಆದರೆ ಅದು ಎವಾಂಥಿಯಾಳ ಕಾಫಿಯ ನಕಲಾದೀತು. ಮಗಳು ವಾಸ್ಸೋ ಹುಟ್ಟುಹಬ್ಬಕ್ಕೊಂದರಂತೆ ತಂದುಕೊಟ್ಟ ಕಾಫಿ ಸಾಮಾನುಗಳೆಲ್ಲ ಬೀರುವಿನಲ್ಲಿ ಧೂಳು ತಿನ್ನುತ್ತಿದ್ದವು. ಸ್ಟಮಾತಿಯಾ ಒಂದೊಂದನ್ನೇ ಇಳಿಸಿದಳು. ಇಟಲಿಯವರ ಎಂಟು ಮೂಲೆಯ ಪಾತ್ರೆ ಗೊರಗೊರ ಎಂದು ಕಪ್ಪು ರಸ ಕಾರಿತು. "ಚೆನ್ನಾಗಿದೆ" ಎಂದ ಲೆಫ್ತೇರಿಸ್. ಗಾಜಿನ ಜಾಡಿಯಲ್ಲಿ ನೆನೆಸಿ ಜರಡಿ ಒತ್ತಿ ಇಳಿಸಿದಳು. "ಚೆನ್ನಾಗಿದೆ." ಕಾಗದದ ಶಂಕುವಿಗೆ ಬಿಸಿನೀರನ್ನು ಕೂದಲೆಳೆಯಂತೆ ಸುತ್ತಿ ಸುತ್ತಿ ಹೊಯ್ದು, ತೋಳು ನೋಯಿಸಿಕೊಂಡು, ಚಹಾದಷ್ಟು ತೆಳ್ಳಗಿನದನ್ನು ಮುಂದಿಟ್ಟಳು.

"ಇದೂ ಚೆನ್ನಾಗಿದೆ."

"ಅವಳದ್ದಕ್ಕಿಂತ?"

"ಕಾಫಿ ಕಾಫಿನೇ, ಮಾರಾಯ್ತಿ."

ಅಲ್ಲ ಎಂದು ಅವಳಿಗೆ ಗೊತ್ತಿತ್ತು. ರಾತ್ರಿ ಪಕ್ಕದಲ್ಲಿ ಅವನು ನಿದ್ದೆ ಹೋದರೆ, ಅವಳು ಆ ಎರಡು ಚಮಚಗಳನ್ನು ಮತ್ತೆ ಮತ್ತೆ ಸುರಿಯುತ್ತಿದ್ದಳು. ಅವನ ನಾಲಗೆಯನ್ನು ಎವಾಂಥಿಯಾ ಕದ್ದಿದ್ದರೆ ಕದಿಯಲಿ. ತನ್ನ ರುಚಿಯನ್ನು, ಆ ಒಂದು ಚಮಚವನ್ನು, ಇವನು ನೆನಪಿಟ್ಟುಕೊಂಡಿದ್ದಾನೆಯೆ? ಅಷ್ಟು ತಿಳಿದರೆ ಸಾಕಿತ್ತು.

ಶನಿವಾರ ಮಧ್ಯಾಹ್ನ ತಲೆನೋವೆಂದು ಮೇಜಿಗೆ ಕೈಯೂರಿ ಕೂತಳು. "ನನಗೊಂದು ಕಾಫಿ ಮಾಡ್ಕೊಡು."

"ನಾನಾ?"

"ಹ್ಞೂಂ, ನೀನೇ."

ಈ ಮನೆಯಲ್ಲಿ ಅವನು ಒಲೆ ಹಚ್ಚಿದ್ದನ್ನು ಅವಳು ಕಂಡಿರಲಿಲ್ಲ. ಹೇಗೆ ಬೇಕು ಎಂದು ಕೇಳಿದರೆ ನಾನು ಸೋತೆ, ಕೇಳದಿದ್ದರೆ ಗೆದ್ದೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು.

ಬ್ರಿಕಿಗೆ ನೀರು ಬಿದ್ದ ಸದ್ದು. ಸಕ್ಕರೆ ಡಬ್ಬಿಯ ಮುಚ್ಚಳ. ಅವನು ಕೇಳಲಿಲ್ಲ. ಕೇಳಲೇ ಇಲ್ಲ. ಛೇ, ಎಂಥ ಹುಚ್ಚಿ ನಾನು, ಒಂದು ವಾರವಿಡೀ ಆ ಬಡಪಾಯಿಯನ್ನು ಹುರಿದು ಮುಕ್ಕಿದೆನಲ್ಲ.

ಆಮೇಲೆ ಡ್ರಾಯರ್ ಎಳೆದ ಸದ್ದು. ಒಲೆಯ ಪಕ್ಕದ್ದಲ್ಲ, ಕೆಳಗಿನದು, ಈಸ್ಟರ್ ಬ್ರೆಡ್ಡಿನ ಸಾಮಾನು ಇಡುವುದು. ಏನೋ ಟಕ್ಕೆಂದು ಒಡೆಯಿತು. ಚಮಚ ಗರಗರ ಅರೆಯತೊಡಗಿತು, ಅಭ್ಯಾಸವಾದ ಕೈಯ ಒಂದೇ ಲಯದಲ್ಲಿ.

ಅವಳು ಕಣ್ಣು ತೆರೆಯಲಿಲ್ಲ. ಬೇಕಿರಲಿಲ್ಲ. ನವೆಂಬರಿನ ಅಡುಗೆಮನೆಯಲ್ಲಿ ಈಸ್ಟರಿನ ವಾಸನೆ ಎದ್ದಿತು.

ಬಟ್ಟಲು ಬಂತು. ನೊರೆ ದಪ್ಪಗೆ, ಒಂದು ಗುಳ್ಳೆಯೂ ಒಡೆಯದೆ ನಿಂತಿತ್ತು. ಮೊದಲ ಸಲ ಮಾಡಿದ ಕೈಗೆ ಹಾಗೆ ನೊರೆ ನಿಲ್ಲುವುದಿಲ್ಲ. ಸ್ಟಮಾತಿಯಾ ಕುಡಿದಳು. ಸಿಹಿ, ಅದರ ಹಿಂದೆ ಮರದ ಅಂಟಿನ ಒಗರು. ತಳದ ಗಸಿ ಕಾಣುವವರೆಗೂ ಕುಡಿದಳು.

"ಹೇಗಿದೆ?" ಎಂದ ಲೆಫ್ತೇರಿಸ್. ಮೆಚ್ಚುಗೆಗೆ ಕಾದವನ ಮುಖ.

"ನೊರೆ ಚೆನ್ನಾಗಿ ಬಂದಿದೆ. ಕೈ ಪಳಗಿದೆ ನಿಂದು." ಅವಳು ಬಟ್ಟಲನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟಳು. "ನಾಳೆ ಚರ್ಚು ಮುಗಿದ ಮೇಲೆ ಎವಾಂಥಿಯಾನ ಕರ್ಕೊಂಡು ಬಾ. ಕಾಫಿ ನಾನೇ ಮಾಡ್ತೀನಿ. ಅವಳಿಗೆ ಹೇಗೆ ಬೇಕು ಅಂತ ಕೇಳೋದೇನಿಲ್ಲ."

ಲೆಫ್ತೇರಿಸ್ ಡ್ರಾಯರಿನ ಕಡೆ ನೋಡಿದ. ಅದಿನ್ನೂ ತೆರೆದೇ ಇತ್ತು. ಮುಚ್ಚಲು ಹೋಗಲಿಲ್ಲ. ನಲ್ಲಿ ತಿರುಗಿಸಿ, ಬ್ರಿಕಿಯನ್ನು ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ.