ಗಂಗಾಧರಸ್ವಾಮಿಯವರ ವಾರಂಟಿ

ನಿಂತ ಕಾರಿನಲ್ಲೂ ಸದ್ದು ಕೇಳಿಸಿಕೊಳ್ಳಬಲ್ಲವರೆಂದರೆ, ನಾನು ಕಂಡಂತೆ, ನಂಜನಗೂಡಿನ ನಮ್ಮ ಬೀದಿಯಲ್ಲಿ ಬೂಸಾ ಅಂಗಡಿ ಇಟ್ಟಿರುವ ಗಂಗಾಧರಸ್ವಾಮಿಯವರೊಬ್ಬರೇ. ನಾವು ಎದುರು ನಿಂತು ಮಾತಾಡುತ್ತಿದ್ದರೂ ಅವರ ಕುತ್ತಿಗೆ ಮೆಲ್ಲನೆ ಕಾರಿನತ್ತ ವಾಲುತ್ತದೆ, "ಏನೋ ಸದ್ದಾಯ್ತಲ್ವಾ?" ಎನ್ನುತ್ತಾರೆ. ಚಾವಿ ತಿರುಗಿಸುವ ಮೊದಲು ಎದೆಯ ಮೇಲಿನ ಲಿಂಗ ಮುಟ್ಟಿ ಕಣ್ಮುಚ್ಚುವುದು, ಒಮ್ಮೆ ಶುರುವಾದ ಇಂಜಿನ್ನು ಮತ್ತೆ ಶುರುವಾಗದೇ ಹೋದೀತೆಂದು ಅಂಗಡಿಯ ಮುಂದೆಯೂ ಅದನ್ನು ಆರಿಸದೆ ಗುರುಗುಟ್ಟಲು ಬಿಡುವುದು, ಇವು ಅವರ ವ್ರತಗಳು. ಪೆಟ್ರೋಲು ದಂಡವಲ್ಲವೇ ಎಂದ ನನ್ನನ್ನು ಒಂದು ವಾರ ಮಾತಾಡಿಸಿರಲಿಲ್ಲ.

ನಗುವ ವಿಷಯವೇನಲ್ಲ. ಅವರ ಪತ್ನಿ ಮಂಗಳಗೌರಮ್ಮನವರನ್ನು ಡಯಾಲಿಸಿಸ್ಸಿಗೆಂದು ವಾರಕ್ಕೆ ಮೂರು ಸಲ ಮೈಸೂರಿಗೆ ಕರೆದೊಯ್ಯಬೇಕು; ಮುಗಿದ ಮೇಲೆ ಬಸ್ಸಿನಲ್ಲಿ ಕೂರುವ ತ್ರಾಣ ಆಕೆಗಿರುವುದಿಲ್ಲ. ಅದಕ್ಕೆಂದೇ ಕೊಂಡ ಹೊಸ ಕಾರು ನಡುದಾರಿಯಲ್ಲಿ ಅಕಾರಣವಾಗಿ ನಿಲ್ಲುತ್ತಿತ್ತು, ಸರ್ವೀಸ್ ಸೆಂಟರಿನ ಅಂಗಳದಲ್ಲಿ ಮಾತ್ರ ಸಾಧು ಹಸುವಾಗುತ್ತಿತ್ತು. "ಕಂಪ್ಯೂಟರಲ್ಲಿ ಏನೂ ತೋರಿಸ್ತಿಲ್ಲ ಸರ್. ತೋರಿಸಿದ್ರೆ ವಾರಂಟಿಲಿ ಮಾಡ್ಕೊಡ್ತೀವಿ" ಎಂದು ಅಲ್ಲಿ ಗಿರಾಕಿಗಳನ್ನು ವಿಚಾರಿಸುವ ಚೈತ್ರ ಪ್ರತಿ ಸಲವೂ ಹೇಳಿ ಕಳಿಸುತ್ತಿದ್ದಳು.

ಕೊನೆಗೊಂದು ಮಧ್ಯಾಹ್ನ ಕಡಕೊಳದ ಬಳಿ, ಹಿಂದಿನ ಸೀಟಿನಲ್ಲಿ ಗೌರಮ್ಮ ಸುಸ್ತಾಗಿ ಒರಗಿದ್ದಾಗ, ಕಾರು ನಿಂತದ್ದು ನಿಂತೇಬಿಟ್ಟಿತು. ಆಕೆಯನ್ನು ಆಟೋದಲ್ಲಿ ಮನೆ ಸೇರಿಸಿ, ಕಾರನ್ನು ಎಳೆಸಿಕೊಂಡು ಹೋದಾಗ ನಾನೂ ಜೊತೆಗಿದ್ದೆ. ಈ ಸಲ ದೋಷ ಸಿಕ್ಕಿತು: ವೈರುಗಳು ಕೂಡುವೆಡೆಯಲ್ಲೆಲ್ಲ ಹಸಿರು ಕಿಲುಬು.

"ಬಾನೆಟ್ ಒಳಗೆ ನೀರು ಹಾಕಿದ್ರಾ ಸರ್?" ಎಂದಳು ಚೈತ್ರ.

ಇಲ್ಲವೆನ್ನಿ ಎಂಬಂತೆ ನಾನು ಅವರ ಬೆನ್ನು ಚಿವುಟಿದೆ.

"ನೀರಲ್ಲ ಕಣವ್ವ, ಎಳ್ನೀರು" ಎಂದರು ಮುಖವರಳಿಸಿ. "ಮೊದ್ಲು ಆಯುಧಪೂಜೆಗೆ ಮಾತ್ರ ಅಭಿಷೇಕ ಮಾಡ್ದೆ. ನಿಲ್ಲಕ್ಕೆ ಸುರುವಾದ್ಮೇಲೆ ಸೋಮ್ವಾರ ಸೋಮ್ವಾರ ಎರೀತಿವ್ನಿ. ನಮ್ ಗೌರಿನ ಒತ್ಕೊಂಡೋಗದು ಅದೇ ಅಲ್ವಾ?"

ಆ ಹುಡುಗಿ ತಲೆ ತಗ್ಗಿಸಿದಳು. "ಹಾಗಾದ್ರೆ ವಾರಂಟಿ ಬರಲ್ಲ ಸರ್."

ಹೊರಗೆ ಬಂದವರು ನನ್ನತ್ತ ತಿರುಗಿ ಕೇಳಿದರು: "ಅಂಗಾರೆ ಕೆಡಿಸ್ದೋನು ನಾನೇಯಾ ಮೇಷ್ಟ್ರೇ? ನಾಳಿದ್ದು ಗೌರಿನ ಎಂಗ್ ಕರ್ಕೊಂಡೋಗ್ಲಿ?"

ಭಯಸ್ಥರ ಪ್ರೀತಿ ಕೈಕಟ್ಟಿ ಕೂರಲಾರದು. ಪ್ರೀತಿಸಿದ್ದನ್ನು ಉಳಿಸಿಕೊಳ್ಳಬೇಕೆಂದುಕೊಂಡಷ್ಟೂ ಇಂಥವರು ಎರೆಯುತ್ತಾರೆ, ಎರೆದಷ್ಟೂ ಅದು ಕೆಡುತ್ತದೆ, ಕೆಟ್ಟಷ್ಟೂ ಮತ್ತೊಂದು ಕೊಡ ತುಂಬಿ ತರಲು ಓಡುತ್ತಾರೆ. ಅವರನ್ನು ಮೂಢರೆನ್ನುವುದು ಸುಲಭ. ಆದರೆ ನನ್ನನ್ನು ಆಸ್ಪತ್ರೆಗೆ ಹೊತ್ತೊಯ್ಯುವ ದಿನ ಬಂದರೆ, ದೇವರೇ, ಸ್ಟೀರಿಂಗು ಇಂಥವರ ಕೈಯಲ್ಲೇ ಇರಲಿ.