ಮೂರನೇ ಗಲ್ಲಿಯ ನಳದ ಪೀಪಿ

ಮಲ್ಕಾಜ್‌ಗಿರಿಯ ಆ ಸಣ್ಣ ಕಾಲೊನಿಗೆ ತನ್ನದೇ ಬೋರ್‌ವೆಲ್, ತನ್ನದೇ ನೀರಿನ ಟಾಕಿ, ತನ್ನದೇ ಜಗಳ. ಮುಂಜಾನೆ ಟಾಕಿಯ ವಾಲ್ವ್ ತಿರುಗಿಸಿದರೆ ಮೊದಲ ಗಲ್ಲಿಯವರು ಅಂಗಳ ತೊಳೆಯುತ್ತಿದ್ದರು, ಎರಡನೇ ಗಲ್ಲಿಯವರು ಕೊಡ ತುಂಬುತ್ತಿದ್ದರು, ಮೂರನೇ ಗಲ್ಲಿಯವರು ಇವರಿಬ್ಬರನ್ನೂ ಬೈಯುತ್ತಿದ್ದರು. ಗೋದಾಬಾಯಿಯ ಮನೆ ಮೂರನೇ ಗಲ್ಲಿಯ ಕಟ್ಟಕಡೆಗೆ.

ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ದುಡಿದು ನಿವೃತ್ತಳಾದ ಗೋದಾಬಾಯಿಗೆ ಕಾಲೊನಿಯವರು ಹೋದ ವರ್ಷ ನೀರಿನ ಉಸ್ತುವಾರಿ ಕೊಟ್ಟಿದ್ದರು. ಅಧಿಕಾರ ಕೊಟ್ಟರೆ ಬಾಯಿ ಮುಚ್ಚಿಕೊಂಡಿರುತ್ತಾಳೆ ಅಂತ ಅಧ್ಯಕ್ಷ ನರಸಿಂಹರ ಎಣಿಕೆ. ಈ ನರಸಿಂಹ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿದ್ದವರು, ಮನೆ ಮೊದಲ ಗಲ್ಲಿಯಲ್ಲಿ. ಹಳೆ ಕಬ್ಬಿಣದ ಪೈಪು ತೆಗೆದು ಹೊಸದು ಹಾಕೋಣ, ಗಲ್ಲಿಗೊಂದು ವಾಲ್ವ್ ಕೂಡಿಸೋಣ ಅಂತ ಗೋದಾಬಾಯಿ ಹೇಳಿದಾಗಲೆಲ್ಲ ಅವರದು ಒಂದೇ ಉತ್ತರ.

"ಪೈಪಿಂದು ಏನೂ ತಪ್ಪಿಲ್ರಿ ಬಾಯಾರ. ನಿಮ್ಮ ಗಲ್ಲಿ ಏರಿನ್ಯಾಗ ಐತಿ. ನೀರು ಏರು ಹತ್ತೂದಿಲ್ಲ."

"ಮಳಿ ಬಂದಾಗ ನಿಮ್ಮ ಗಲ್ಲಿ ನೀರೆಲ್ಲಾ ನಮ್ಮ ಹೊಸ್ತಿಲಿಗೇ ಹರದು ಬರ್ತಾವಲ್ರಿ?"

"ಅದು ಮಳಿ ನೀರು," ಅಂದರು ನರಸಿಂಹ, ಮಾತು ಮುಗಿಯಿತೆಂಬಂತೆ.

ಒಂದು ಮುಂಜಾನೆ ಗೋದಾಬಾಯಿ ನಳ ತಿರುವಿದಳು. ನೀರು ಬರಲಿಲ್ಲ. ಗಾಳಿಯಾದರೂ ಬರುತ್ತದೇನೋ ಎಂದು ಅಂಗೈ ಹಿಡಿದರೆ, ನಳ ಅವಳ ಅಂಗೈಯನ್ನೇ ಒಳಗೆಳೆಯಿತು. ಹೌಹಾರಿ ಸೊಸೆಯನ್ನು ಕೂಗಿದಳು. ಸೊಸೆ ಸಂಪದಾ ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಅವಳೂ ಅಂಗೈ ಹಿಡಿದು ನೋಡಿ ನಕ್ಕಳು.

"ಅತ್ತಿ, ಮುಂದಿನ ಗಲ್ಲಿಯವರು ಪೈಪಿಗೆ ಮೋಟಾರ್ ಹಚ್ಚಿ ನೀರು ಎಳ್ಯಾಕತ್ತಾರ. ನಮ್ಮ ನಳದಿಂದ ಗಾಳಿ ಸೈತ ಅವರ ಮನಿಗೇ ಹೊಂಟೈತಿ."

ಪೈಪಿಗೆ ನೇರ ಮೋಟಾರ್ ಹಚ್ಚಬಾರದು ಅಂತ ಕಾಲೊನಿಯ ನಿಯಮ. ಕೇಳಿದರೆ ಯಾರ ಮನೆಯಲ್ಲೂ ಮೋಟಾರ್ ಇರಲಿಲ್ಲ. ಗೋದಾಬಾಯಿ ಚಹಾ ಕುಡಿಯುತ್ತ ಯೋಚಿಸಿದಳು. ಆಮೇಲೆ ಸ್ಟೇಷನ್ ಹತ್ತಿರ ಹೋಗಿ ಬಲೂನು ಮಾರುವವನ ಬಳಿ ಒಂದು ಪೀಪಿ ಕೊಂಡು ತಂದಳು, ಮಕ್ಕಳು ಊದಿ ತಲೆ ತಿನ್ನುವಂಥದು. ರಬ್ಬರ್ ನಳಿಗೆಯಿಂದ ಅದನ್ನು ನಳದ ಬಾಯಿಗೆ ಬಿಗಿದಳು. ಪೀಪಿ ಸುಮ್ಮನಿತ್ತು.

"ಉಲ್ಟಾ ಹಾಕೀರಿ ಅತ್ತಿ, ಊದೋ ಬಾಯಿ ಹೊರಗಿರ್ಲಿ," ಅಂತ ಸಂಪದಾ ತಿರುಗಿಸಿ ಕಟ್ಟಿದಳು.

"ಪೀಂ..." ಅಂತ ಶುರುವಾದದ್ದು ಎಷ್ಟು ಜೋರಾಗಿತ್ತೆಂದರೆ ಎದುರುಮನೆಯ ನಾಯಿ ಎದ್ದು ಓಡಿತು.

ಭಾನುವಾರ ನೀರು ಬಿಡುವ ಹೊತ್ತಿಗೇ ಗೋದಾಬಾಯಿ ತನ್ನ ಪಡಸಾಲೆಯಲ್ಲಿ ಮೀಟಿಂಗ್ ಕರೆದಳು. ಬರಿದೇ ಕರೆದರೆ ಯಾರೂ ಬರುವುದಿಲ್ಲ ಎಂದು ಚುರುಮುರಿಯ ಸುಸಲಾ, ಮಿರ್ಚಿ ಭಜಿ ಮಾಡಿದ್ದಳು. ಮನೆಗೊಬ್ಬರಂತೆ ಎಲ್ಲರೂ ಬಂದರು. ಉಳಿದವರು ಮನೆಯಲ್ಲಿ ನೀರು ತುಂಬಲು ನಿಂತರು.

ತಟ್ಟೆ ಕೈಗೆ ಬಂದದ್ದೇ ತಡ, ಅಂಗಳದಿಂದ ಪೀಪಿ ಊದತೊಡಗಿತು.

"ಏನದು?" ನರಸಿಂಹ ಹುಬ್ಬೇರಿಸಿದರು.

"ನಮ್ಮ ನಳ್ರಿ. ನೀರು ಕೊಡೂದು ಬಿಟ್ಟು ಹಾಡಾಕತ್ತೈತಿ."

"ಅದು ಗಾಳಿ. ಹಳೆ ಲೈನಿನ್ಯಾಗ ಗಾಳಿ ಸಿಕ್ಕೊಂಡ್ರ ಹಂಗ ಆಗತೈತಿ. ಭಾಳ ತಲಿ ಕೆಡಿಸ್ಕೋಬ್ಯಾಡ್ರಿ."

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಪೀಪಿಯೂ ಉಸಿರು ಸಿಕ್ಕದವರ ಹಾಗೆ ಸಣ್ಣಗಾಗುತ್ತ ನಿಂತುಹೋಯಿತು. ಪಡಸಾಲೆಯಲ್ಲಿ ಭಜಿ ಅಗಿಯುವ ಸಪ್ಪಳ ಮಾತ್ರ. ಸ್ವಲ್ಪ ಹೊತ್ತಿಗೆ ಕರೆಂಟು ಬಂತು, ಫ್ಯಾನು ತಿರುಗಿತು, ಪೀಪಿ ಮತ್ತೆ ಗಂಟಲು ತೆರೆಯಿತು.

ಎರಡನೇ ಗಲ್ಲಿಯ ಭೀಮಾಶಂಕರ ಬಾಯಿತುಂಬ ಮಿರ್ಚಿ ಇಟ್ಟುಕೊಂಡೇ ಕೇಳಿದ, "ಗಾಳಿಗೂ ಕರೆಂಟು ಬೇಕೇನ್ರಿ ಅಧ್ಯಕ್ಷರ?"

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಿಗೂ ತಮ್ಮ ತಮ್ಮ ಮನೆ ನೆನಪಾಗಿ ನಗೆ ತೆಳ್ಳಗಾಯಿತು. ಎಲ್ಲರಿಗಿಂತ ಮೊದಲು ನಗೆ ನಿಂತದ್ದು ಭೀಮಾಶಂಕರನದೇ.

ಗೋದಾಬಾಯಿ ಯಾರನ್ನೂ ದೂರಲಿಲ್ಲ. "ಯಾರ ಮನ್ಯಾಗೂ ಮೋಟಾರ್ ಇಲ್ಲ, ನನಗ ಗೊತ್ತೈತಿ. ಆದ್ರ ಈ ಪೀಪಿ ಬಂದ್ ಆಗೂತನಕ ನಾ ಚಹಾಕ್ಕ ಇಡೂದಿಲ್ಲ."

ಮಿರ್ಚಿಯ ಖಾರ ಎಲ್ಲರ ನಾಲಿಗೆಯ ಮೇಲಿತ್ತು. ಭೀಮಾಶಂಕರ ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎಂಬ ಅನುಮಾನ ಬಂದು ಮನೆಗೆ ಓಡಿದ. ಇನ್ನೊಬ್ಬರಿಗೆ ಫೋನು ಬಂತು, ಗಂಟೆ ಬಾರಿಸಿದ್ದು ಮಾತ್ರ ಯಾರಿಗೂ ಕೇಳಲಿಲ್ಲ. ಹೋದವರು ಒಬ್ಬೊಬ್ಬರಾಗಿ ಮರಳಿ ಬಂದಂತೆ ಪೀಪಿಯ ದನಿ ಇಳಿಯಿತು. ಕಡೆಗೆ ಸೊಳ್ಳೆಯಷ್ಟು ಉಳಿಯಿತು. ಆದರೆ ನಿಲ್ಲಲಿಲ್ಲ. ಎಲ್ಲರೂ ನರಸಿಂಹರ ಕಡೆ ನೋಡಿದರು. ಅವರೊಬ್ಬರೇ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

"ಕನ್ನಡಕ ಮನ್ಯಾಗ ಉಳೀತು," ಅಂತ ಅವರು ಎದ್ದರು. ಕನ್ನಡಕ ಮೂಗಿನ ಮೇಲೇ ಇತ್ತು.

ಅವರು ತಿರುಗಿ ಬರುವ ಮೊದಲೇ ಪೀಪಿ ಪೂರ್ತಿ ನಿಂತಿತು. ಎಲ್ಲರೂ ಅಂಗಳಕ್ಕೆ ಬಂದರು. ಗೋದಾಬಾಯಿ ಪೀಪಿ ಬಿಚ್ಚಿ ಕೆಳಗೆ ಕೊಡ ಇಟ್ಟಳು. ನಳ ಗೊರಗೊರ ಅಂದು, ತುಕ್ಕಿನ ಬಣ್ಣದ ನೀರನ್ನು ನೂಲಿನ ಎಳೆಯಂತೆ ಬಿಟ್ಟಿತು. ಅವಳ ಮೋರೆ ಸಣ್ಣದಾಯಿತು. ಮೋಟಾರುಗಳನ್ನು ಹಿಡಿದರೆ ಸಾಕು, ಧೋ ಎಂದು ನೀರು ಬರುತ್ತದೆ ಎಂದೇ ನಂಬಿದ್ದಳು.

ಹಿಂದೆ ಬಂದು ನಿಂತಿದ್ದ ನರಸಿಂಹರೂ ಆ ಎಳೆಯನ್ನು ನೋಡಿದರು. ನಾಚಿಕೆ ಹಿಂದೆ ಸರಿದು ಅವರೊಳಗಿನ ಎಂಜಿನಿಯರ್ ಎದ್ದ. "ಎಲ್ಲಾ ಮೋಟಾರ್ ಬಂದ್ ಅದಾವ, ಆದ್ರೂ ಇಷ್ಟ? ಲೈನು ಕಟ್ಟೈತಿ. ಪೈಪ್ ಬದಲಿ ಮಾಡಾಕಬೇಕು," ಅಂದರು. ತಾವು ಏನೆಂದೆವು ಎಂಬುದು ಅವರಿಗೆ ತಿಳಿಯುವಷ್ಟರಲ್ಲಿ ಗೋದಾಬಾಯಿ ಕೂಗಿಯಾಗಿತ್ತು: "ಕೇಳಿದ್ರೆಲ್ಲಾರೂ? ಅಧ್ಯಕ್ಷರ ಹುಕುಂ ಆತು! ಸಂಪದಾ, ಚಹಾ ಇಡು!"

ಯಾದಗಿರಿ ಕಡೆಯ ಪೈಪಿನ ಮೇಸ್ತ್ರಿ ಗೊಲ್ಲಾಳಪ್ಪ ತನ್ನ ಮಂದಿಯ ಜೊತೆ ಬಂದು ರಸ್ತೆ ಅಗೆದ. ಹೊರತೆಗೆದ ಹಳೆ ಪೈಪಿನೊಳಗೆ ಕಿರುಬೆರಳೂ ಹೋಗದಷ್ಟು ತುಕ್ಕು ಕಟ್ಟಿತ್ತು. ನರಸಿಂಹ ಬಿಸಿಲಲ್ಲಿ ಛತ್ರಿ ಹಿಡಿದು ನಿಂತು, ಒಂದೊಂದು ಜೋಡಣೆಯನ್ನೂ ಬಗ್ಗಿ ನೋಡಿ, ಸೋರಿದ್ದನ್ನು ಮತ್ತೆ ಬಿಚ್ಚಿಸಿದರು. ಅಧ್ಯಕ್ಷರು ಮನೆಗೆ ಹೋದರೆ ಕೆಲಸ ಬೇಗ ಮುಗಿಯುತ್ತಿತ್ತು ಅಂತ ಗೊಲ್ಲಾಳಪ್ಪ ಗೋದಾಬಾಯಿಗೆ ಮೆಲ್ಲಗೆ ಹೇಳಿದ. ಆದರೆ ಹೊಸ ಲೈನು ಒಂದು ಹನಿಯೂ ಸೋರಲಿಲ್ಲ.

ಮೂರನೇ ಗಲ್ಲಿಯ ವಾಲ್ವ್ ಮೊದಲ ಸಲ ತೆರೆದ ದಿನ ಗೋದಾಬಾಯಿ ಕೊಡ, ಹಂಡೆ, ಬಕೆಟ್ಟು ತುಂಬಿ, ಖಾಲಿ ಉಪ್ಪಿನಕಾಯಿ ಭರಣಿಯನ್ನೂ ತುಂಬಿಟ್ಟಳು.

"ಅತ್ತಿ, ನಾಳೆನೂ ಬರ್ತಾವ," ಅಂದಳು ಸಂಪದಾ.

"ಬಂದ್ರ ನಾಳಿ ನಂಬತೀನಿ."

ಮರುದಿನವೂ ನೀರು ಬಂತು, ಅದರ ಮರುದಿನವೂ. ಕಾಯುವ ಕೆಲಸ ಇಲ್ಲದೆ ಗೋದಾಬಾಯಿಯ ಮುಂಜಾನೆ ಉದ್ದವಾಯಿತು. ಒಂದು ದಿನ ಸೆರಗು ಸಿಕ್ಕಿಸಿಕೊಂಡು ಮೊದಲ ಗಲ್ಲಿಗೆ ಹೋದಳು. ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ನರಸಿಂಹರ ಎದುರು ಕೂತು, ಭಾಳ ಮೆತ್ತಗೆ ಕೇಳಿದಳು:

"ಅಲ್ರಿ, ಆ ಟಾಕಿ ಒಳಗ ಇಳದು ತೊಳದು ಎಷ್ಟು ವರ್ಷ ಆತು?"

ನರಸಿಂಹ ಪೇಪರ್ ಮಡಚಿಟ್ಟು, ಒಳಗಿದ್ದ ಹೆಂಡತಿಗೆ ಎರಡು ಕಪ್ ಚಹಾ ತರಲು ಹೇಳಿದರು.