ಮೂಲೆಯ ಪ್ಲಗ್ಗು

ಆಂಬುಲೆನ್ಸ್ ಕರೆಗಳು ಬರುವ ಆ ಕೋಣೆಯಿಂದ ಬೆಳಗ್ಗೆಯಷ್ಟೇ ಹಳೆಯ ಕಂಪ್ಯೂಟರ್ ಹೊರಬಿದ್ದು ಲ್ಯಾಪ್‌ಟಾಪ್ ಬಂದಿತ್ತು. ರಿಪೇರಿಯವನು ಅದನ್ನು ಮಡಚಿ ಫೈಲುಗಳ ಕೆಳಗೆ ತಳ್ಳಿ, ಪಕ್ಕದಲ್ಲೊಂದು ಡಾಕಿಂಗ್ ಡಬ್ಬಿ ಇಟ್ಟು, ಅದರ ಬೆನ್ನಿಗೆ ಮೂರು ಮಾನಿಟರುಗಳ ವೈರು ಸಿಕ್ಕಿಸಿದ್ದ. "ಅಕ್ಕಾ, ಲ್ಯಾಪ್‌ಟಾಪ್ ಮುಟ್ಟೋದೇ ಬೇಡ. ಎಲ್ಲಾ ಈ ಡಬ್ಬಿನೇ ನೋಡ್ಕೊಳ್ಳುತ್ತೆ" ಎಂದು ಹೇಳಿ ಊಟಕ್ಕೆ ನಡೆದಿದ್ದ. ಪುಣ್ಯಾತ್ಮ, ಅರ್ಧ ಮಾತು ಹೇಳಿ ಹೋಗಿದ್ದ! ಹನ್ನೆರಡು ವರ್ಷದಿಂದ ಆ ಕುರ್ಚಿಯಲ್ಲಿ ಕೂತ ಅಕ್ಕ, ಡಬ್ಬಿಯೇ ಕಂಪ್ಯೂಟರ್ ಎಂದು ನಂಬಿಬಿಟ್ಟಳು.

ಫೋನು ಬಡಿದುಕೊಂಡಿತು. ಮುದುಕರೊಬ್ಬರ ದನಿ. "ನಮ್ಮನೆಯವಳು ಬಿದ್ಬಿಟ್ಲಮ್ಮಾ... ಉಸಿರೇ ಇಲ್ಲ."

ಅಕ್ಕ ವಿಳಾಸ ಕೇಳಿ ಟೈಪು ಮಾಡಿದಳು. "ಫೋನು ನೆಲಕ್ಕಿಡಿ ಅಜ್ಜಾ. ಎರಡೂ ಕೈಯಿಂದ ಎದೆ ಮಧ್ಯೆ ಜೋರಾಗಿ ಒತ್ತಿ. ಗಟ್ಟಿಯಾಗಿ ಎಣಿಸ್ತಾ ಇರಿ. ನಾನು ಹೇಳೋವರೆಗೂ ನಿಲ್ಲಿಸ್ಬೇಡಿ."

ಒಂದು, ಎರಡು, ಮೂರು ಶುರುವಾಯಿತು. ಅಷ್ಟರಲ್ಲಿ ಮೂರೂ ಪರದೆ ಕಪ್ಪಾದವು.

ನಕ್ಷೆ ಹೋಯಿತು, ಗಾಡಿಗಳು ಹೋದವು, ವಿಳಾಸವೂ ಹೋಯಿತು. ಅಕ್ಕ ಅದನ್ನು ಕಾಗದದ ಮೇಲೆ ಬರೆದುಕೊಂಡಿರಲಿಲ್ಲ. "ಅಜ್ಜಾ! ಮನೆ ಎಲ್ಲಿ ಅಂದ್ರಿ?" ಎಂದು ಗಂಟಲು ಹರಿಯುವಂತೆ ಕೂಗಿದಳು. ಅವರಿಗೆಲ್ಲಿ ಕೇಳಬೇಕು?

"ಹದಿನೆಂಟು, ಹತ್ತೊಂಬತ್ತು..."

ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದಳು. ಏನೂ ಇಲ್ಲ. ತಿರುಗಿ ನೋಡಿದರೆ ಮೂಲೆಯಲ್ಲಿ ಕೆಟಲಣ್ಣ, ನಾಲ್ಕನೇ ಗಾಡಿಯ ಡ್ರೈವರ್. ಆರು ವರ್ಷದಿಂದ ಆ ಮೂಲೆಯ ಪ್ಲಗ್ಗು ಅವನ ಟೀ ಕೆಟಲಿನದು. ಇಂದು ಅಲ್ಲಿ ಇನ್ಯಾವುದೋ ವೈರು ಕಂಡು, ನಮ್ಮ ಜಾಗಕ್ಕೆ ಯಾರಪ್ಪ ಬಂದವನು ಎಂದು ಕಿತ್ತುಹಾಕಿದ್ದ.

"ನಿನ್ ಕೆಟಲ್‌ಗೆ ಬೆಂಕಿ ಬೀಳ! ಡಬ್ಬಿ ಸಾಯಿಸ್ಬಿಟ್ಯಲ್ಲೋ! ಅಜ್ಜನ ವಿಳಾಸ ಅದರೊಳಗಿತ್ತು!"

ಅವನು ಗಾಬರಿಬಿದ್ದು ವೈರನ್ನು ಮತ್ತೆ ಚುಚ್ಚಿದ. ಪರದೆಗಳು ಏಳಲಿಲ್ಲ. "ಡಬ್ಬಿಯೊಳಗೆ ಯಾಕಿರುತ್ತೆ ಅಕ್ಕಾ? ನನ್ ಮಗಳ ಹತ್ರಾನೂ ಇಂಥದ್ದೇ ಇದೆ. ಅದು ಬರೀ ವೈರು ಕೂಡಿಸೋದು. ಎಲ್ಲಾ ಲ್ಯಾಪ್‌ಟಾಪಲ್ಲೇ ಇರುತ್ತೆ. ಮಡಚಿಟ್ಟಿದ್ದಕ್ಕೆ ಮಲಗಿಬಿಟ್ಟಿದೆ ಅಷ್ಟೇ!"

ಫೈಲುಗಳು ದಡದಡ ನೆಲಕ್ಕೆ ಬಿದ್ದವು. ಅಕ್ಕ ಲ್ಯಾಪ್‌ಟಾಪ್ ತೆರೆದಳು. ಅದು ಪಾಸ್‌ವರ್ಡ್ ಕೇಳಿತು. ಹಾಳು ಬೆರಳು ಎರಡು ಸಲ ತಪ್ಪಿತು. ಫೋನಿನಲ್ಲಿ ಅಜ್ಜನ ದನಿ ಏದುಸಿರಾಗಿತ್ತು. ನೂರಾದ ಮೇಲೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಎಣಿಸುತ್ತಿದ್ದರು. ಮೂರನೇ ಸಲ ತೆರೆದುಕೊಂಡಿತು. ಆ ಪುಟ್ಟ ಪರದೆಯಲ್ಲಿ ಎಲ್ಲವೂ ಒಂದರ ಮೇಲೊಂದು ಬಿದ್ದಿದ್ದವು: ವಿಳಾಸ, ನಕ್ಷೆ, ಹತ್ತಿರದ ಗಾಡಿ. ನಾಲ್ಕನೇದು.

"ಹತ್ತಿರದ ಗಾಡಿ ನಿಂದೇ ಕಣಣ್ಣಾ! ಬೇಕರಿ ಹಿಂದಿನ ಬೀದಿ, ಹಸಿರು ಗೇಟು. ಓಡು!"

ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ. ಅಕ್ಕ ಫೋನು ಕಿವಿಗೊತ್ತಿಕೊಂಡು ಅಜ್ಜನ ಜೊತೆ ತಾನೂ ಎಣಿಸಿದಳು. ಕಣ್ಣೀರು ತಾನಾಗಿ ಇಳಿಯುತ್ತಿತ್ತು. ಆರು ನಿಮಿಷಕ್ಕೆ ಫೋನಿನಲ್ಲಿ ಬಾಗಿಲು ಬಡಿದ ಸದ್ದು, ಹೆಜ್ಜೆಗಳು, ಗಾಡಿಯ ನರ್ಸಿನ ಮಾತು. ಆಮೇಲೆ ಎಷ್ಟೋ ಹೊತ್ತಿಗೆ ಕೆಟಲಣ್ಣನ ಕೂಗು: "ನಾಡಿ ಸಿಕ್ತು ಅಕ್ಕಾ! ಗಾಡಿಗೆ ಹತ್ತಿಸ್ತಿದ್ದೀವಿ!"

ಅಕ್ಕ ಮೇಜಿನ ಮೇಲೆ ತಲೆಯಿಟ್ಟಳು. ಆದರೆ ಫೋನಿನಲ್ಲಿ ಅಜ್ಜನ ಎಣಿಕೆ ಮಾತ್ರ ನಿಂತಿರಲಿಲ್ಲ. "ನಲವತ್ತೊಂದು... ನಲವತ್ತೆರಡು..." ಆಮೇಲೆ ಫೋನು ಎತ್ತಿಕೊಂಡ ಸದ್ದು.

"ಅಮ್ಮಾ, ಅವಳನ್ನ ಎತ್ಕೊಂಡು ಹೋದ್ರು. ನೀವು ಹೇಳ್ಲೇ ಇಲ್ವಲ್ಲ... ನಿಲ್ಲಿಸ್ಲಾ?"

"ನಿಲ್ಲಿಸಿ ಅಜ್ಜಾ," ಎಂದಳು ಅಕ್ಕ. "ಹೋಗಿ, ಅವರ ಜೊತೆ ಗಾಡಿ ಹತ್ತಿ."